ಸೌದೆಯ ಲೆಕ್ಕ ಕೇಳುವ ದೇವರು

(ಚರ್ಚುಗಳು ಪ್ರತಿ ವರ್ಷ ಪರಿಸರಕ್ಕಾಗಿ ಪ್ರಾರ್ಥಿಸುವ ‘ಸೃಷ್ಟಿಕಾಲ’ದ ಅಂಗವಾಗಿ ಹಾಸನದಲ್ಲಿ ನಡೆದ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)

ಪರಿಸರದ ಬಗ್ಗೆ ಚರ್ಚಿನಲ್ಲಿ ಮಾತು ಬಂದರೆ ನಾವು ತೆರೆಯುವುದು ಆದಿಕಾಂಡ, ಇಲ್ಲವೇ ಕೀರ್ತನೆಗಳು. ನಾನು ಇವತ್ತು ಪ್ರಲಾಪಗಳ ಪುಸ್ತಕದಿಂದ ಶುರು ಮಾಡುತ್ತೇನೆ. ಐದನೇ ಅಧ್ಯಾಯ, ನಾಲ್ಕನೇ ವಚನ. ನಮ್ಮ ನೀರನ್ನೇ ನಾವು ದುಡ್ಡು ಕೊಟ್ಟು ಕುಡಿಯಬೇಕಾಗಿದೆ, ನಮ್ಮ ಸೌದೆಯನ್ನೇ ನಾವು ಕ್ರಯಕ್ಕೆ ತರಬೇಕಾಗಿದೆ ಅಂತ ಜನ ದೇವರ ಮುಂದೆ ಗೋಳಾಡುತ್ತಿದ್ದಾರೆ. ಯೆರೂಸಲೇಮು ಬಾಬಿಲೋನಿನವರ ಕೈಗೆ ಬಿದ್ದಿದೆ. ದೇವಾಲಯ ಸುಟ್ಟುಹೋಗಿದೆ. ಅಷ್ಟು ದೊಡ್ಡ ದುಃಖದ ನಡುವೆ ಒಬ್ಬರು ಸೌದೆಯ ರೇಟು ಹೇಳಿಕೊಂಡು ಅಳುತ್ತಿದ್ದಾರೆ! ಅದೇ ಅಧ್ಯಾಯದ ಹದಿಮೂರನೇ ವಚನಕ್ಕೆ ಬನ್ನಿ. ಅಲ್ಲಿ ಯುವಕರು ಬೀಸುವ ಕಲ್ಲು ಎಳೆಯುತ್ತಿದ್ದಾರೆ, ಚಿಕ್ಕ ಹುಡುಗರು ಸೌದೆ ಹೊರೆ ಹೊತ್ತು ಎಡವಿ ಬೀಳುತ್ತಿದ್ದಾರೆ.

ಈ ಮಾತನ್ನು ಯಾರೂ ಸಣ್ಣದು ಅಂತ ತೆಗೆದುಹಾಕಲಿಲ್ಲ. ಅದು ದೇವರ ವಾಕ್ಯದಲ್ಲೇ ಉಳಿಯಿತು. ಒಲೆ ಹಚ್ಚಲು ಏನು ಖರ್ಚಾಗುತ್ತದೆ, ಆ ಖರ್ಚು ಯಾರ ತಲೆ ಮೇಲೆ ಬೀಳುತ್ತದೆ ಅನ್ನುವುದು ಪ್ರಾರ್ಥನೆಗೆ ತಕ್ಕ ವಿಷಯ ಅಂತ ಬೈಬಲ್ಲು ಒಪ್ಪಿಕೊಂಡಿದೆ. ನನ್ನ ಇವತ್ತಿನ ಮಾತು ಇಷ್ಟೇ. ಭೂಮಿ ನೋಡಿಕೊಳ್ಳುತ್ತೇವೆ ಅಂತ ಹೇಳಿ ಅದರ ಬಿಲ್ಲನ್ನು ಬಡವರ ಮನೆಗೆ ಕಳಿಸಿದರೆ ದೇವರು ಒಪ್ಪುವುದಿಲ್ಲ. ಬಡವರಿಗೆ ಅಗ್ಗದ ಕರೆಂಟು ಕೊಡುತ್ತೇವೆ ಅಂತ ಹೇಳಿ ಅದರ ಹೊಗೆ, ನೆರೆ, ಗುಡ್ಡ ಕುಸಿತವನ್ನು ಅವರ ಮನೆಗೇ ಕಳಿಸಿದರೂ ಒಪ್ಪುವುದಿಲ್ಲ.

ಲೂಕನ ಸುವಾರ್ತೆ ಹನ್ನೆರಡನೇ ಅಧ್ಯಾಯದಲ್ಲಿ ಯೇಸು ಸ್ವಾಮಿ ಒಬ್ಬ ಮನೆವಾರ್ತೆಯವನ ಬಗ್ಗೆ ಹೇಳುತ್ತಾರೆ. ಇಲ್ಲಿ ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯವರು ಜಾಸ್ತಿ ಇದ್ದೀರಿ. ನಿಮಗೆ ತೋಟದ ರೈಟರ್ ಅಂದರೆ ತಕ್ಷಣ ಅರ್ಥವಾಗುತ್ತದೆ. ಸಾಹುಕಾರ್ರು ಬೆಂಗಳೂರಿನಲ್ಲಿರುತ್ತಾರೆ. ತೋಟ ಅವರದು, ಕೀಲಿಕೈ ರೈಟರ್ ಹತ್ತಿರ. ಗಿಡ ಹೇಗಿದೆ, ನೆರಳು ಹೇಗಿದೆ ಅಂತ ನೋಡುವುದು ಅವರ ಕೆಲಸ. ಚೆಕ್‌ರೋಲ್ ಅಂದರೆ ಹಾಜರಿ ಪುಸ್ತಕ ಬರೆದು, ವಾರದ ಕೊನೆಗೆ ಎಲ್ಲರಿಗೂ ಕೂಲಿ ಬಟವಾಡೆ ಮಾಡುವುದೂ ಅವರದೇ ಕೆಲಸ. ಸಾಹುಕಾರ್ರು ಬಂದಾಗ ಗಿಡಗಳು ಹಸಿರಾಗಿವೆ, ಆದರೆ ಆಳುಗಳಿಗೆ ಮೂರು ವಾರದಿಂದ ಬಟವಾಡೆ ಇಲ್ಲ ಅಂದರೆ? ಅಥವಾ ಎಲ್ಲರಿಗೂ ಧಾರಾಳವಾಗಿ ಹಂಚಿದ್ದೇನೆ, ಅದಕ್ಕೆ ನೆರಳಿನ ಮರ ಎಲ್ಲಾ ಕಡಿದು ಮಾರಿದೆ ಅಂದರೆ? ಎರಡೂ ಕಡೆ ಅವರು ಸಿಕ್ಕಿಬೀಳುತ್ತಾರೆ, ಅಲ್ವಾ?

ಯೇಸು ಸ್ವಾಮಿ ಆ ಮನೆವಾರ್ತೆಯವನನ್ನು ಅಳೆಯುವುದು ಇದರಿಂದಲೇ. ಮನೆಯ ಆಳುಗಳಿಗೆ ಹೊತ್ತುಹೊತ್ತಿಗೆ ಅವರ ಪಾಲು ಸಿಕ್ಕಿತೋ ಇಲ್ಲವೋ? ಆದಿಕಾಂಡ ಎರಡರಲ್ಲಿ ದೇವರು ಮನುಷ್ಯನನ್ನು ತೋಟದಲ್ಲಿಟ್ಟಿದ್ದು ಅದನ್ನು ವ್ಯವಸಾಯ ಮಾಡಿ ಕಾಯುವುದಕ್ಕೆ. ಯಾಜಕಕಾಂಡ ಇಪ್ಪತ್ತೈದರಲ್ಲಿ ಇನ್ನೂ ನೇರವಾಗಿ ಹೇಳುತ್ತಾರೆ: ಭೂಮಿ ನನ್ನದು, ನೀವು ಇಲ್ಲಿ ಪರದೇಶಿಗಳು, ಒಕ್ಕಲುಗಳು. ಭೂಮಿಗೆ ಏಳು ವರ್ಷಕ್ಕೊಮ್ಮೆ ವಿಶ್ರಾಂತಿ ಕೊಡಿ ಅನ್ನುವ ಅದೇ ಅಧ್ಯಾಯ, ಬಡವನಾದ ಸಹೋದರನ ಹತ್ತಿರ ಬಡ್ಡಿ ತೆಗೆದುಕೊಳ್ಳಬೇಡಿ ಅಂತಲೂ ಹೇಳುತ್ತದೆ. ಮಣ್ಣಿನ ಮಾತು, ಬಡವರ ಮಾತು ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ.

ಇಷ್ಟು ಸರಳ ಇದ್ದ ಮೇಲೆ ಕ್ರೈಸ್ತರು ಈ ವಿಷಯದಲ್ಲಿ ಜಗಳ ಯಾಕೆ ಆಡುತ್ತಾರೆ ಅಂತ ನೀವು ಕೇಳಬಹುದು. ಆಡುತ್ತಾರೆ, ಜೋರಾಗಿಯೇ ಆಡುತ್ತಾರೆ. ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ಕಾರ್ನ್‌ವಾಲ್ ಘೋಷಣೆ ಅಂತ ಒಂದು ಬಂತು. ಅದರ ಹೆಸರಿನಲ್ಲಿ ಬೆಳೆದ ಗುಂಪಿನ ವಾದ ಹೀಗಿದೆ: ಕಲ್ಲಿದ್ದಲು, ಪೆಟ್ರೋಲಿಗೆ ಕಡಿವಾಣ ಹಾಕಿದರೆ ಕರೆಂಟು ದುಬಾರಿಯಾಗುತ್ತದೆ, ಬಡವರೇ ಮೊದಲು ಸಾಯುತ್ತಾರೆ, ಬಡವರು ಮೇಲೆ ಬರಬೇಕಾದರೆ ಅಗ್ಗದ ಇಂಧನ ಬೇಕು. 2006ರಲ್ಲಿ ಅದೇ ದೇಶದ 86 ಇವಾಂಜೆಲಿಕಲ್ ಮುಖಂಡರು ಬೇರೆ ಹೇಳಿಕೆಗೆ ಸಹಿ ಹಾಕಿದರು. ಹವಾಮಾನ ಕೆಟ್ಟರೆ ಅತಿ ಹೆಚ್ಚು ಪೆಟ್ಟು ಬೀಳುವುದು ಬಡವರಿಗೇ, ಹಾಗಾಗಿ ಈಗಲೇ ಹೊಗೆ ಕಡಿಮೆ ಮಾಡಬೇಕು ಅಂತ ಅವರು ಹೇಳಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರ ‘ಲೌದಾತೊ ಸೀ’ ಅನ್ನುವ ಪತ್ರ ಬಂತು. ಭೂಮಿಯ ಕೂಗು, ಬಡವರ ಕೂಗು ಎರಡನ್ನೂ ಕೇಳಿಸಿಕೊಳ್ಳಬೇಕು ಅನ್ನುವ ಮಾತು ಅದರ 49ನೇ ಪ್ಯಾರಾದಲ್ಲಿದೆ.

ನೋಡಿ, ಎಲ್ಲರೂ ಬಡವರ ಹೆಸರು ಹೇಳುತ್ತಾರೆ. ಮೊದಲ ಗುಂಪಿನ ಮಾತನ್ನು ಪೂರ್ತಿ ತಳ್ಳಿಹಾಕಲು ನಾನು ತಯಾರಿಲ್ಲ. ಇಂಧನ ದುಬಾರಿಯಾದರೆ ಏನಾಗುತ್ತದೆ ಅಂತ ನಮ್ಮ ಕಣ್ಣೆದುರೇ ಇದೆ. ಆದರೆ ಅವರ ಲೆಕ್ಕದಲ್ಲಿ ಒಂದು ಪ್ರಶ್ನೆಯೇ ಇಲ್ಲ. ಆ ಅಗ್ಗದ ಇಂಧನ ನಿಜವಾಗಿ ಬಡವರ ಒಲೆಗೆ ಬಂತಾ?

ನಾನು ಕೆಲವು ವರ್ಷಗಳಿಂದ ತೋಟದ ಆಳುಗಳು ಸಾಲಾಗಿ ವಾಸಿಸುವ ಲೈನ್ ಮನೆಗಳ ಹೆಂಗಸರ ಜೊತೆ ಸ್ವಸಹಾಯ ಸಂಘದ ಕೆಲಸ ಮಾಡುತ್ತಿದ್ದೇನೆ. ಸಕಲೇಶಪುರದ ಕಡೆ ಒಂದು ಮನೆಯ ಅಡುಗೆ ಕೋಣೆ ಹೇಳುತ್ತೇನೆ, ಕೇಳಿ. ಮಣ್ಣಿನ ಒಲೆ. ಅದರ ಮೇಲೆ ಅಡ್ಡ ಕಟ್ಟಿದ ಗಳುಗಳಲ್ಲಿ ಹಸಿ ಸೌದೆ ಒಣಗಲು ಜೋಡಿಸಿದ್ದಾರೆ. ಮಳೆಗಾಲದಲ್ಲಿ ಸೌದೆ ಒಣಗುವ ಜಾಗ ಅದೊಂದೇ. ಹೆಂಚಿನ ಕೆಳಗಿನ ಮರಕ್ಕೆ ಮಸಿ ದಪ್ಪಗೆ ಕಟ್ಟಿ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದೆ. ಮೂಲೆಯಲ್ಲಿ ಕೆಂಪು ಸಿಲಿಂಡರ್. ಅದರ ಮೇಲೆ ಮಡಚಿದ ಗೋಣಿಚೀಲ, ಅದರ ಮೇಲೆ ಅಕ್ಕಿ ಡಬ್ಬ. ಅಂದರೆ ಸಿಲಿಂಡರ್ ದಿನಾ ಉಪಯೋಗಿಸುವ ವಸ್ತು ಅಲ್ಲ ಅಂತ ನೋಡಿದರೇ ಗೊತ್ತಾಗುತ್ತದೆ.

“ಗ್ಯಾಸ್ ಇದ್ದೂ ಯಾಕಕ್ಕಾ ಒಲೆ?” ಅಂತ ಕೇಳಿದೆ.

“ಬೆಳಿಗ್ಗೆ ಮಗು ಸ್ಕೂಲಿಗೆ ಹೊರಡೋ ಹೊತ್ತಿಗೆ ಮಾತ್ರ ಗ್ಯಾಸ್ ಹಚ್ತೀನಿ ಮೇಡಂ. ಅನ್ನಕ್ಕೆ, ಸ್ನಾನದ ನೀರಿಗೆಲ್ಲ ಹಚ್ಚಿದ್ರೆ ಒಂದು ತಿಂಗಳೂ ಬರಲ್ಲ. ನಮಗೆ ಬಟವಾಡೆ ಆಗೋದು ಶನಿವಾರ, ಗ್ಯಾಸ್ ಖಾಲಿ ಆಗೋದು ಬುಧವಾರ. ಅಷ್ಟು ದುಡ್ಡು ಒಟ್ಟಿಗೆ ಎಲ್ಲಿಂದ ತರ್ಲಿ?”

ಉಜ್ವಲಾ ಯೋಜನೆ ಶುರುವಾಗಿದ್ದು 2016ರ ಮೇ 1ರಂದು. ಠೇವಣಿ ಇಲ್ಲದೆ, ಹೆಂಗಸರ ಹೆಸರಿನಲ್ಲೇ ಕನೆಕ್ಷನ್. 2019ರ ಹೊತ್ತಿಗೆ ದೇಶದಲ್ಲಿ ಎಂಟು ಕೋಟಿ ಕನೆಕ್ಷನ್ ಆಯಿತು. ಇದು ದೊಡ್ಡ ಕೆಲಸ. ಆದರೆ 2023ರಲ್ಲಿ 14.2 ಕೆ.ಜಿ. ಸಿಲಿಂಡರಿನ ಬೆಲೆ ಸಾವಿರದ ನೂರು ರೂಪಾಯಿ ದಾಟಿತ್ತು. ಆಮೇಲೆ ಸ್ವಲ್ಪ ಇಳಿಯಿತು, ಉಜ್ವಲಾದವರಿಗೆ ಸಬ್ಸಿಡಿ 300 ರೂಪಾಯಿ ಆಯಿತು. ಆದರೂ ಮೊದಲು ಪೂರ್ತಿ ದುಡ್ಡು ಕೊಟ್ಟು ಸಿಲಿಂಡರ್ ಇಳಿಸಿಕೊಳ್ಳಬೇಕು, ಸಬ್ಸಿಡಿ ಆಮೇಲೆ ಬ್ಯಾಂಕ್ ಖಾತೆಗೆ ಬರುತ್ತದೆ. ಬುಧವಾರದ ಕಷ್ಟ ಹಾಗೇ ಉಳಿಯುತ್ತದೆ. ತಿಂಗಳ ಸಂಬಳದವರಿಗೆ ಇದು ಹೊಳೆಯುವುದೇ ಇಲ್ಲ. ನಾವು ಇಂಧನದ ಬೆಲೆ ಎಷ್ಟು ಅಂತ ಕೇಳುತ್ತೇವೆ. ಬಡವರು ಒಟ್ಟಿಗೆ ಎಷ್ಟು ಕೊಡಬೇಕು ಅಂತ ಕೇಳುತ್ತಾರೆ.

ಆ ಅಕ್ಕ ಮಾತಾಡುವಾಗ ಕೆಮ್ಮುತ್ತಲೇ ಇದ್ದರು. ಅಡುಗೆಮನೆ ಹೊಗೆಯಿಂದ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 32 ಲಕ್ಷ ಜನ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಂದಾಜು ಹೇಳುತ್ತದೆ. ಅವರಲ್ಲಿ ಎರಡು ಲಕ್ಷಕ್ಕಿಂತ ಹೆಚ್ಚು ಐದು ವರ್ಷದೊಳಗಿನ ಮಕ್ಕಳು. ಪೋಪ್ ಫ್ರಾನ್ಸಿಸ್ ತಮ್ಮ ಪತ್ರದಲ್ಲಿ ಮಾಲಿನ್ಯದ ಮಾತು ಶುರು ಮಾಡುವಾಗಲೇ, 20ನೇ ಪ್ಯಾರಾದಲ್ಲಿ, ಅಡುಗೆ ಒಲೆಯ ಹೊಗೆಯನ್ನು ಹೆಸರಿಸಿದ್ದಾರೆ. ಫ್ಯಾಕ್ಟರಿ ಚಿಮಣಿಯ ಹೊಗೆ ಪರಿಸರದ ಸಮಸ್ಯೆ, ಅಡುಗೆಮನೆಯ ಹೊಗೆ ಹೆಂಗಸರ ಹಣೆಬರಹ ಅಂತ ಬೇರೆ ಮಾಡಲು ಆಗುವುದಿಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು, ವಿಷಯದಿಂದ ಸ್ವಲ್ಪ ಆಚೆ ಹೋದರೂ ಪರವಾಗಿಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಅನ್ನುವ ವಿಭಾಗ ಕಟ್ಟಿದರು. ಹಳ್ಳಿಗೆ ಬೇಕಾದ ವಿಜ್ಞಾನ ಮಾಡಬೇಕು ಅನ್ನುವುದು ಅವರ ಹಟ. ಅಲ್ಲಿಂದ ಬಂದಿದ್ದೇ ಅಸ್ತ್ರ ಒಲೆ. ಮೂರು ಪಾತ್ರೆ ಒಟ್ಟಿಗೆ ಇಡಬಹುದು, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ, ಸೌದೆ ಕಡಿಮೆ ಸಾಕು. ಒಂದು ಹೆಂಗಸಿನ ದಿನದಲ್ಲಿ ಎಷ್ಟು ಹೊತ್ತು ಸೌದೆಗೆ, ಎಷ್ಟು ಹೊತ್ತು ನೀರಿಗೆ ಹೋಗುತ್ತದೆ ಅನ್ನುವುದನ್ನು ಅವರು ಇಂಧನದ ಲೆಕ್ಕದಲ್ಲಿ ಸೇರಿಸಿದರು. ಅಲ್ಲಿಯವರೆಗೆ ಆ ಲೆಕ್ಕದಲ್ಲಿ ಇದ್ದದ್ದು ಬರೀ ಮೆಗಾವ್ಯಾಟು. ಪ್ರಲಾಪಗಳಲ್ಲಿ ಸೌದೆ ಹೊರೆ ಹೊತ್ತು ಎಡವಿದ ಹುಡುಗರನ್ನು ಓದುವಾಗ ನನಗೆ ರೆಡ್ಡಿಯವರ ಕೆಲಸ ನೆನಪಾಗುತ್ತದೆ.

ಇನ್ನು ಕರೆಂಟಿನ ವಿಷಯ. ಹಾಸನದವರಿಗೆ ಸೆಸ್ಕ್, ಚಿಕ್ಕಮಗಳೂರಿನವರಿಗೆ ಮೆಸ್ಕಾಂ. ಎರಡು ಕಡೆಯೂ 2023ರಿಂದ ಗೃಹಜ್ಯೋತಿ ಇದೆ, 200 ಯೂನಿಟ್ ಒಳಗಿದ್ದರೆ ಬಿಲ್ಲಿಲ್ಲ. ಇದರಿಂದ ಎಷ್ಟೋ ಮನೆಗಳ ಹೊರೆ ಇಳಿದಿದೆ, ಅದನ್ನು ನಾನು ಮನಸಾರೆ ಹೇಳುತ್ತೇನೆ. ಆದರೆ ಲೆಕ್ಕ ಹೇಗೆ ಅಂತ ನೋಡಿ. ಹಿಂದಿನ ವರ್ಷ ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ದೀರೋ ಅಷ್ಟು, ಅದರ ಮೇಲೆ ಶೇಕಡಾ 10. ಫ್ರಿಜ್ಜು, ಗೀಸರ್ ಇಟ್ಟುಕೊಂಡು 180 ಯೂನಿಟ್ ಉರಿಸುತ್ತಿದ್ದ ಮನೆಗೆ 198 ಯೂನಿಟ್ ಪುಕ್ಕಟೆ. ಎರಡು ಬಲ್ಬು, ಒಂದು ಟಿ.ವಿ.ಯಲ್ಲಿ 30 ಯೂನಿಟ್ ಉರಿಸುತ್ತಿದ್ದ ಮನೆಗೆ 33. ಯಾರು ಹೆಚ್ಚು ಖರ್ಚು ಮಾಡುತ್ತಿದ್ದರೋ ಅವರಿಗೆ ಹೆಚ್ಚು ಸಿಕ್ಕಿತು. 2024ರ ಜನವರಿಯಲ್ಲಿ ಸರ್ಕಾರ ಇದನ್ನು ಸ್ವಲ್ಪ ಸರಿಮಾಡಿತು. ತೀರಾ ಕಡಿಮೆ ಬಳಸುವವರಿಗೆ ಶೇಕಡಾ 10ರ ಬದಲು 10 ಯೂನಿಟ್ ಹೆಚ್ಚಿಗೆ ಕೊಟ್ಟಿತು. 33 ಇದ್ದದ್ದು 40 ಆಯಿತು. ಇದು ಸಣ್ಣ ತಿದ್ದುಪಡಿ ಅನಿಸಬಹುದು. ಬಡವರ ಕಡೆಯಿಂದ ಲೆಕ್ಕ ನೋಡುವುದು ಅಂದರೆ ಇಂಥದ್ದೇ.

ಆ ಲೈನ್ ಮನೆಗೆ ವಾಪಸ್ ಬನ್ನಿ. ಅಲ್ಲಿಗೆ ಸ್ವಂತ ಮೀಟರ್ ಇಲ್ಲ. ಕರೆಂಟು ತೋಟದ ಲೈನಿನಿಂದ ಬಂದಿದೆ. ಮೀಟರ್ ಇಲ್ಲದ ಮನೆಗೆ ಗೃಹಜ್ಯೋತಿ ಇಲ್ಲ. 2024ರಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯಘರ್ ತಂದಿತು. ಮೂರು ಕಿಲೋವ್ಯಾಟ್ ಸೋಲಾರ್ ಹಾಕಿಸಿದರೆ 78,000 ರೂಪಾಯಿವರೆಗೆ ಸಬ್ಸಿಡಿ. ಅದು ಸ್ವಂತ ಮಾಡು ಇದ್ದವರಿಗೆ. ಇವರ ತಲೆ ಮೇಲಿನ ಹೆಂಚು ತೋಟದ್ದು. ಪರಿಸರಕ್ಕೆ ಒಳ್ಳೆಯದಾದ ಯೋಜನೆ, ಬಡವರಿಗೆ ಒಳ್ಳೆಯದಾದ ಯೋಜನೆ ಎರಡೂ ಈ ಬಾಗಿಲವರೆಗೆ ಬಂದು ನಿಂತುಬಿಟ್ಟಿವೆ.

ಯಾರ ಒಳ್ಳೆಯದಕ್ಕೆ ಯಾರು ಬೆಲೆ ಕೊಡುತ್ತಾರೆ ಅನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲಿ ದೊಡ್ಡ ಗುರುತೊಂದಿದೆ. ಶೆಟ್ಟಿಹಳ್ಳಿ. ಫ್ರೆಂಚ್ ಮಿಷನರಿಗಳು ಹತ್ತೊಂಬತ್ತನೇ ಶತಮಾನದಲ್ಲಿ ಕಟ್ಟಿದ ಜಪಮಾಲೆ ಮಾತೆಯ ಚರ್ಚು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಆ ಚರ್ಚು ಮಳೆಗಾಲದಲ್ಲಿ ನೀರಿಗೆ ಇಳಿಯುತ್ತದೆ, ಬೇಸಿಗೆಯಲ್ಲಿ ಮೇಲೆ ಬರುತ್ತದೆ. ಇವತ್ತು ಅಲ್ಲಿಗೆ ಜನ ಫೋಟೋ ತೆಗೆಯಲು ಬರುತ್ತಾರೆ. ಗೋಡೆಗಳು ಮಾತ್ರ ಕಾಣುತ್ತವೆ. ಆ ಗೋಡೆಗಳ ಸುತ್ತ ಇದ್ದ ಹೊಲ, ಮನೆ, ಊರು ಫೋಟೋದಲ್ಲಿ ಬರುವುದಿಲ್ಲ. ಆ ಅಣೆಕಟ್ಟಿನ ನೀರು ಹಾಸನ, ಮಂಡ್ಯ, ತುಮಕೂರಿನ ಹೊಲಗಳಿಗೆ ಹೋಯಿತು, ಎಷ್ಟೋ ರೈತರು ಉಂಡರು. ಅಣೆಕಟ್ಟು ಬೇಡವಾಗಿತ್ತು ಅಂತ ನಾನು ಹೇಳುತ್ತಿಲ್ಲ. ಎಲ್ಲರ ಒಳ್ಳೆಯದಕ್ಕೆ ಅಂತ ಊರು ಬಿಟ್ಟವರ ಹೆಸರು ಯಾವ ಲೆಕ್ಕದಲ್ಲೂ ಉಳಿಯಲಿಲ್ಲ ಅನ್ನುವುದು ನನ್ನ ನೋವು. ನಮ್ಮ ದೇವಾಲಯವೇ ಮುಳುಗಿದೆ, ನಮಗಾದರೂ ಇದು ನೆನಪಿರಬೇಕು.

ಸಕಲೇಶಪುರದ ಕಡೆ ಗುಂಡ್ಯ ಜಲವಿದ್ಯುತ್ ಯೋಜನೆಯ ಕಥೆ ನಿಮಗೆ ಗೊತ್ತಿದೆ. 200 ಮೆಗಾವ್ಯಾಟ್ ಅಂತ ಹೇಳಿ ಬಿಸಿಲೆ ಕಾಡಿನ ನೀರಿಗೆ ಕೈಹಾಕಲು ಹೊರಟಿದ್ದರು. ಪಶ್ಚಿಮಘಟ್ಟಗಳ ಬಗ್ಗೆ ಮಾಧವ ಗಾಡ್ಗೀಳ್ ಅವರ ಸಮಿತಿ 2011ರ ವರದಿಯಲ್ಲಿ ಇದಕ್ಕೆ ಪರಿಸರ ಅನುಮತಿ ಕೊಡಬಾರದು ಅಂತ ಬರೆಯಿತು. ಹೊಗೆ ಬರುವುದಿಲ್ಲ ಅಂದ ಮಾತ್ರಕ್ಕೆ ಜಲವಿದ್ಯುತ್ತು ಶುದ್ಧ ಅಂತ ಕಣ್ಣುಮುಚ್ಚಿ ಒಪ್ಪಲು ಆಗುವುದಿಲ್ಲ, ಕಾಡು, ಹೊಳೆ, ಅಲ್ಲಿನ ಜನ ಎಲ್ಲರನ್ನೂ ಕೇಳಬೇಕು. ಇನ್ನೊಂದು ಕಡೆ ಕುದುರೆಮುಖ. 1987ರಲ್ಲಿ ರಾಷ್ಟ್ರೀಯ ಉದ್ಯಾನ ಅಂತ ಘೋಷಣೆಯಾದ ಮೇಲೂ ಅದಿರು ತೆಗೆಯುವ ಕೆಲಸ ಮುಂದುವರಿಯಿತು. ಸುಪ್ರೀಂ ಕೋರ್ಟ್ 2002ರಲ್ಲಿ ಆದೇಶ ಕೊಟ್ಟು, 2005ರ ಕೊನೆಗೆ ಅದು ನಿಂತಿತು. ಅದೇ ಕಾಡಿನೊಳಗೆ ತಲೆಮಾರುಗಳಿಂದ ಇದ್ದ ಬಡ ಕುಟುಂಬಗಳಿಗೆ ಮಾತ್ರ, ನೀವು ಇಲ್ಲಿಂದ ಏಳಬೇಕು ಅನ್ನುವ ಭಯ ತಪ್ಪಲಿಲ್ಲ. ಕಾಡು ಕಾಯುವುದು ನಮ್ಮ ಧರ್ಮ. ಆದರೆ ಕಾಯುವ ಕೆಲಸ ಒಂದು ಹೊರೆ ಪುರಳೆ, ಒಣಕಡ್ಡಿ ಆರಿಸುವ ಮುದುಕಿಯ ಹತ್ತಿರ ಶುರುವಾದರೆ ಅದು ನ್ಯಾಯ ಅಲ್ಲ.

ಅಗ್ಗದ ಇಂಧನ ಸಾಕು, ಹವಾಮಾನದ ಚಿಂತೆ ಆಮೇಲೆ ಅನ್ನುವವರಿಗೆ ನಾನು ಮೂಡಿಗೆರೆ ತೋರಿಸುತ್ತೇನೆ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಲೆಮನೆಯಂಥ ಊರುಗಳಲ್ಲಿ ಮನೆ, ತೋಟ ಎಲ್ಲ ಹೋಯಿತು. ಒಂದು ಮಳೆಗೆ ಇಂಥದ್ದೇ ಕಾರಣ ಅಂತ ಬೆರಳು ಮಾಡಿ ಹೇಳುವುದು ಕಷ್ಟ. ಭೂಮಿ ಬಿಸಿಯಾದಷ್ಟೂ ಗಾಳಿಯಲ್ಲಿ ನೀರಾವಿ ಹೆಚ್ಚು ನಿಲ್ಲುತ್ತದೆ, ಸುರಿಯುವಾಗ ಒಮ್ಮೆಲೇ ಸುರಿಯುತ್ತದೆ ಅನ್ನುವುದಂತೂ ಖಚಿತ. ಭೂಮಿ ಬಿಸಿ ಮಾಡಿದವರು ಯಾರು? ಒಬ್ಬ ಭಾರತೀಯನ ಪಾಲಿಗೆ ವರ್ಷಕ್ಕೆ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್, ಒಬ್ಬ ಅಮೆರಿಕನ್ ಪಾಲಿಗೆ ಹದಿನಾಲ್ಕರ ಆಸುಪಾಸು. ಆ ಎರಡು ಟನ್ ಕೂಡ ಸರಾಸರಿ. ಒಲೆ ಮುಂದೆ ಕೆಮ್ಮುತ್ತಿದ್ದ ಅಕ್ಕನ ಪಾಲು ಅದರಲ್ಲಿ ಎಷ್ಟಿರಬಹುದು, ನೀವೇ ಯೋಚನೆ ಮಾಡಿ.

ಹಾಗಾದರೆ ನಾವು ಏನು ಮಾಡಬೇಕು? ಬೈಬಲ್ಲಿನಲ್ಲಿ ಇದಕ್ಕೆ ಬಹಳ ಸಣ್ಣ, ಬಹಳ ಖಚಿತವಾದ ನಿಯಮಗಳಿವೆ. ಬಡವನ ಹೊದಿಕೆಯನ್ನು ಅಡ ಇಟ್ಟುಕೊಂಡರೆ ಹೊತ್ತು ಮುಳುಗುವ ಮೊದಲು ವಾಪಸ್ ಕೊಡಿ, ಇಲ್ಲದಿದ್ದರೆ ಅವನು ಏನು ಹೊದ್ದು ಮಲಗಬೇಕು ಅಂತ ವಿಮೋಚನಕಾಂಡ ಇಪ್ಪತ್ತೆರಡು ಕೇಳುತ್ತದೆ. ಬೀಸುವ ಕಲ್ಲನ್ನು ಅಡ ಇಟ್ಟುಕೊಳ್ಳಬೇಡಿ, ಅದು ಜೀವವನ್ನೇ ಅಡ ಇಟ್ಟುಕೊಂಡ ಹಾಗೆ ಅಂತ ಧರ್ಮೋಪದೇಶಕಾಂಡ ಇಪ್ಪತ್ತನಾಲ್ಕು ಹೇಳುತ್ತದೆ. ಮೈಯ ಬಿಸಿ, ಅಡುಗೆಯ ಹಿಟ್ಟು ಈ ಎರಡಕ್ಕೆ ಸಾಲ ಕೊಟ್ಟವನು ಕೈಹಾಕುವ ಹಾಗಿಲ್ಲ. ಸರೆಪ್ತದ ವಿಧವೆ ಎಲೀಯನಿಗೆ ಸಿಕ್ಕಿದಾಗ ಎರಡು ಕಡ್ಡಿ ಆರಿಸುತ್ತಿದ್ದಳು, ನೆನಪಿದೆಯಾ? ಬರಗಾಲ. ಮನೆಯಲ್ಲಿ ಒಂದು ಹಿಡಿ ಹಿಟ್ಟು. ಅದನ್ನು ಬೇಯಿಸಲು ಸೌದೆಯೂ ಇಲ್ಲ. ಪುನರುತ್ಥಾನವಾದ ಮೇಲೆ ಯೇಸು ಸ್ವಾಮಿ ದಡದಲ್ಲಿ ಕೆಂಡ ಮಾಡಿ, ಮೀನು ಸುಟ್ಟು, ರಾತ್ರಿಯೆಲ್ಲಾ ದುಡಿದು ಬಂದ ಶಿಷ್ಯರನ್ನು ಊಟಕ್ಕೆ ಕರೆದರು. ನಮ್ಮ ದೇವರು ಒಲೆಯ ಹತ್ತಿರ ಬಂದವರು.

ಅದಕ್ಕೇ ನನ್ನ ಕೋರಿಕೆಗಳೂ ಒಲೆಯ ಹತ್ತಿರದವೇ. ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡಿ, ಬಡವರಿಗೆ ಬಿಡಿ ಅಂತ ಯಾಜಕಕಾಂಡ ಹತ್ತೊಂಬತ್ತು ಹೇಳುತ್ತದೆ. ನಮ್ಮ ತೋಟಗಳಲ್ಲಿ ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಸವರುವ ಕೆಲಸ ಆದ ಮೇಲೆ ಬೀಳುವ ಕೊಂಬೆರೆಂಬೆ ಲೈನಿನವರಿಗೆ ಅಂತ ಬಿಡುವ ಒಳ್ಳೆಯ ಪದ್ಧತಿ ಇತ್ತು. ಈಗ ಅದನ್ನೂ ಲೋಡ್ ಮಾಡಿ ಮಾರುವುದು ಹೆಚ್ಚುತ್ತಿದೆ. ತೋಟದ ಮಾಲೀಕರು ಇಲ್ಲಿದ್ದೀರಿ. ದಯವಿಟ್ಟು ಆ ಸೌದೆಯನ್ನು ಬಿಡಿ.

ಸಂಘಗಳಲ್ಲಿ ಗ್ಯಾಸಿಗೆ ಅಂತಲೇ ಒಂದು ಸಣ್ಣ ನಿಧಿ ಇಡೋಣ. ಸಿಲಿಂಡರ್ ಖಾಲಿಯಾದ ದಿನ ನಿಧಿಯಿಂದ ದುಡ್ಡು ಹೋಗಲಿ, ಬಟವಾಡೆ ದಿನ ಐವತ್ತೋ ನೂರೋ ವಾಪಸ್ ಬರಲಿ. ಬಡ್ಡಿ ಬೇಡ. 1995ರಲ್ಲಿ ಹರೀಶ್ ಹಂದೆಯವರು ಸೆಲ್ಕೋ ಶುರು ಮಾಡಿ ಕರ್ನಾಟಕದ ಬಡ ಮನೆಗಳಿಗೆ ಸೋಲಾರ್ ದೀಪ ಮುಟ್ಟಿಸಿದ್ದು ಇಂಥ ದಾರಿಯಲ್ಲೇ. ದುಡಿಮೆ ಕೈಗೆ ಹೇಗೆ ಬರುತ್ತದೋ ಕಂತೂ ಹಾಗೇ ಇರಬೇಕು ಅನ್ನುವುದನ್ನು ಅವರು ಬ್ಯಾಂಕುಗಳಿಗೆ ಒಪ್ಪಿಸಿದರು.

ನಮ್ಮ ಚರ್ಚು, ಶಾಲೆ, ಹಾಸ್ಟೆಲುಗಳ ಮಾಡು ದೊಡ್ಡದು. ವ್ಯಾಟಿಕನ್ನಿನಲ್ಲಿ 2008ರಲ್ಲೇ ಆರನೇ ಪಾಲ್ ಸಭಾಂಗಣದ ಮೇಲೆ 2,400 ಸೋಲಾರ್ ಫಲಕ ಹಾಕಿಸಿದರು. ನಾವೂ ಹಾಕಿಸೋಣ. ಆದರೆ ಉಳಿದ ಬಿಲ್ಲಿನ ದುಡ್ಡು ಎಲ್ಲಿಗೆ ಹೋಗಬೇಕು ಅಂತ ಮೊದಲೇ ಬರೆದಿಡೋಣ. ನನ್ನ ಪ್ರಕಾರ ಅದು ಈ ಗ್ಯಾಸ್ ನಿಧಿಗೆ ಹೋಗಬೇಕು. ಹೊಸ ಲೈಟಿಂಗಿಗೆ ಹೋಗಬಾರದು.

ಕೊನೆಯದು ಮೀಟರ್. ಇದು ಬೇರೆಲ್ಲಕ್ಕಿಂತ ಮುಖ್ಯ ಅಂತ ನನಗನಿಸುತ್ತದೆ. ಲೈನ್ ಮನೆಗಳಿಗೆ ಪ್ರತ್ಯೇಕ ಮೀಟರ್ ಹಾಕಿಸಲು ಮಾಲೀಕರ ಒಪ್ಪಿಗೆ ಪತ್ರ ಬೇಕಾಗುತ್ತದೆ, ವೈರಿಂಗ್ ಸರಿ ಮಾಡಿಸಬೇಕಾಗುತ್ತದೆ. ಮೀಟರ್ ಬಂದರೆ ಮಾಲೀಕರಿಗೇನೂ ನಷ್ಟವಿಲ್ಲ, ಆ ಮನೆಗಳ ಖರ್ಚು ತೋಟದ ಬಿಲ್ಲಿನಿಂದ ಇಳಿಯುತ್ತದೆ. ಮನೆಯವರು ಗೃಹಜ್ಯೋತಿಗೆ ಅರ್ಜಿ ಹಾಕಬಹುದು. ಪ್ರತಿ ಧರ್ಮಕೇಂದ್ರದಿಂದ, ಸಿಎಸ್‌ಐ ಸಭೆಗಳಿಂದ ಇಬ್ಬಿಬ್ಬರು ಮುಂದೆ ಬನ್ನಿ. ಮೊದಲು ನಿಮ್ಮ ವ್ಯಾಪ್ತಿಯ ತೋಟಗಳಲ್ಲಿ ಮೀಟರ್ ಇಲ್ಲದ ಮನೆಗಳ ಪಟ್ಟಿ ಮಾಡಿ. ಬರುವ ವರ್ಷ ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನ್ಮದಿನದ ಮೊಂತಿ ಹಬ್ಬಕ್ಕೆ ಹೊಸ ತೆನೆ ತರುವ ಹೊತ್ತಿಗೆ ಆ ಪಟ್ಟಿಯೂ ಪೀಠದ ಹತ್ತಿರ ಬರಲಿ, ಎಷ್ಟು ಮನೆಗೆ ಮೀಟರ್ ಬಂತು, ಎಷ್ಟು ಬಾಕಿ ಅಂತ ಎಲ್ಲರ ಮುಂದೆ ಓದೋಣ. ಅರ್ಜಿ ತುಂಬುವುದು ಹೇಗೆ ಅಂತ ಊಟವಾದ ಮೇಲೆ ಪಕ್ಕದ ಕೋಣೆಯಲ್ಲಿ ಹೇಳಿಕೊಡುತ್ತೇನೆ, ಲೈನ್ ಮನೆಗಳಿಂದ ಬಂದಿರುವ ಅಕ್ಕಂದಿರು ಮೊದಲು ಬನ್ನಿ.